ಶಾಲೆಯ ಗೇಟಿನಿಂದ 50 ಮೀಟರ್

ಅಬ್ಬಿಗೆರೆಯ ಅಣ್ಣಂದಿರೇ, ಅಕ್ಕಂದಿರೇ,

ನಮ್ಮಲ್ಲಿ ಅಳತೆ ಟೇಪಿಗೆ ಬರವಿಲ್ಲ. ವೆಲ್ಡಿಂಗ್ ಶೆಡ್ಡಿನವರು, ಗಾರೆ ಕೆಲಸದವರು, ಬಡಗಿಗಳು, ಟೈಲರ್‌ಗಳು ಬೀದಿ ಬೀದಿಯಲ್ಲೂ ಇದ್ದಾರೆ. ಈ ವಾರ ನಿಮ್ಮ ಮಗು ಓದುವ ಶಾಲೆಯ ಗೇಟಿನಿಂದ ಟೇಪು ಹಿಡಿದು 50 ಮೀಟರ್ ಅಳೆಯಿರಿ. ಅಂದರೆ 164 ಅಡಿ. ಅಷ್ಟರೊಳಗೆ ಎಷ್ಟು ಅಂಗಡಿಗಳ ಮುಂದೆ ಚಿಪ್ಸ್ ಪ್ಯಾಕೆಟ್ಟಿನ ಸರ ತೂಗುತ್ತಿದೆ, ಎಷ್ಟು ಕಡೆ ಬಣ್ಣದ ಸಿಹಿನೀರಿನ ಬಾಟಲಿ ಸಾಲಾಗಿ ನಿಂತಿದೆ, ಎಣಿಸಿ ಬರೆದುಕೊಳ್ಳಿ.

ಈ 50 ಮೀಟರ್ ಲೆಕ್ಕ ಕಾನೂನಿನಲ್ಲೇ ಇದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2020ರ ಸೆಪ್ಟೆಂಬರ್‌ನಲ್ಲಿ ಶಾಲಾ ಮಕ್ಕಳ ಆಹಾರಕ್ಕೆಂದೇ ನಿಯಮ ಹೊರಡಿಸಿತು. ಕೊಬ್ಬು, ಉಪ್ಪು, ಸಕ್ಕರೆ ಮಿತಿಮೀರಿದ ತಿನಿಸನ್ನು ಶಾಲೆಯ ಕ್ಯಾಂಟೀನಿನಲ್ಲಾಗಲಿ, ಗೇಟಿನಿಂದ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ. ಅದರ ಜಾಹೀರಾತೂ ಅಲ್ಲಿ ಇರಬಾರದು. ಸರ್ಕಾರಿ ಶಾಲೆ, ಖಾಸಗಿ ಶಾಲೆ ಎಂಬ ಭೇದವಿಲ್ಲ. 2021ರ ಜುಲೈ 1ರಿಂದ ಇದು ಜಾರಿಯಲ್ಲಿರಬೇಕಿತ್ತು. ನಿಯಮ ಹೊರಟ 2020ರ ಅದೇ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಚುನಾಯಿತ ಕೌನ್ಸಿಲ್‌ನ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ, ಹೋಗಿ ಕೇಳಲು ನಮಗೊಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ.

ಕೇಳಿದ್ದಕ್ಕೇ ಸಿಕ್ಕಿರುವುದು ಮಕ್ಕಳ ಊಟ. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಆದೇಶಿಸಿತು. ಮರುವರ್ಷ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟ ಯೋಜನೆ ಶುರುವಾಯಿತು. 2013ರ ಆಹಾರ ಭದ್ರತಾ ಕಾಯ್ದೆ ಆ ಊಟವನ್ನು ಮಗುವಿನ ಹಕ್ಕು ಮಾಡಿತು. 2021ರ ಡಿಸೆಂಬರ್‌ನಲ್ಲಿ ಬೀದರ್, ರಾಯಚೂರು, ಕೊಪ್ಪಳ ಮೊದಲಾದ ಜಿಲ್ಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ವಿರೋಧ ಎದ್ದಿತು. ಆಗ ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ತನಗೆ ಮೊಟ್ಟೆ ಬೇಕೇ ಬೇಕೆಂದು ಕ್ಯಾಮೆರಾ ಮುಂದೆ ದನಿ ಎತ್ತಿದ್ದನ್ನು ನಾನು ಮರೆತಿಲ್ಲ. ಮೊಟ್ಟೆ ನಿಲ್ಲಲಿಲ್ಲ, ಆಮೇಲೆ ರಾಜ್ಯಕ್ಕೆಲ್ಲ ಬಂತು.

ಆದರೆ ಹೊಟ್ಟೆಬಟ್ಟೆ ಕಟ್ಟಿ ಖಾಸಗಿ ಶಾಲೆಗೆ ಫೀಸು ತುಂಬುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಅನುದಾನವಿಲ್ಲದ ಶಾಲೆಯಲ್ಲಿ ಬಿಸಿಯೂಟವಿಲ್ಲ. ಬೆಳಿಗ್ಗೆ ಪೀಣ್ಯದ ಶಿಫ್ಟಿಗೆ ಓಡುವ ತಾಯಿ, ಡಬ್ಬಿ ಕಟ್ಟಲಾಗದ ದಿನ ಮಗುವಿನ ಕೈಗೆ ಹತ್ತು ರೂಪಾಯಿ ಇಡುತ್ತಾಳೆ. ನಾನೂ ಇಟ್ಟಿದ್ದೇನೆ. ಆ ತಾಯಿಯನ್ನು ದೂರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹತ್ತು ರೂಪಾಯಿಗೆ ಗೇಟಿನ ಮುಂದೆ ಏನು ಸಿಗಬೇಕೆಂದು ಅವಳನ್ನು ಯಾರೂ ಕೇಳಿರಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿಯಿತು. ಯಾವುದು ಅಗ್ಗವಾಗಬೇಕು ಎಂಬುದು ದಿಲ್ಲಿಯಲ್ಲಿ ತೀರ್ಮಾನವಾಗುತ್ತದೆ, ಅದನ್ನು ನಮ್ಮ ಮಕ್ಕಳು ತಿನ್ನುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಆ ಮಕ್ಕಳು ಈಗ ಶಾಲೆಯಲ್ಲಿದ್ದಾರೆ. ಅವರ ಪುಟ್ಟ ಹೊಟ್ಟೆಯ ಜಾಗವನ್ನು ಚಿಪ್ಸ್ ಹಿಡಿದರೆ ಸೊಪ್ಪು, ಕಾಳು, ಮೊಟ್ಟೆ ಎಲ್ಲಿಗೆ ಹೋಗಬೇಕು?

ಗೇಟಿನ ಮುಂದೆ ಅಂಗಡಿ ಇಟ್ಟುಕೊಂಡ ಅಜ್ಜಿಯ ಮೇಲೆ ದಯವಿಟ್ಟು ಯಾರೂ ಹಾರಿಬೀಳಬೇಡಿ. ಗಾಡಿ ಎತ್ತಿಸಿ ಲಾರಿಗೆ ಹಾಕಿಸುವುದು ಸುಲಭ. ಆದರೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರ ಬದುಕಿಗೂ ರಕ್ಷಣೆ ಕೊಟ್ಟಿದೆ. ಅವರೊಂದಿಗೆ ಕೂತು ಮಾತಾಡಿ. ಬೇಯಿಸಿದ ಕಡಲೆಕಾಯಿ, ಸೀಬೆ, ಬಾಳೆಹಣ್ಣು, ಸೌತೆಕಾಯಿ ಹೋಳು, ಉಸಲಿ, ಮಜ್ಜಿಗೆ ಮಾರಬಹುದಲ್ಲ. ಸಂಜೆ ನಾಲ್ಕಕ್ಕೆ ಇವನ್ನು ಕೊಳ್ಳುವವರು ನಾವಾದರೆ ಅವರ ಗಲ್ಲಾ ಬಡವಾಗದು. ಮೊದಲ ತಿಂಗಳು ಉಳಿದದ್ದನ್ನು ನಾವೇ ಕೊಂಡೊಯ್ಯುತ್ತೇವೆಂದು ಮಾತು ಕೊಡೋಣ. ತಳ್ಳುಗಾಡಿಗೆ ನೀರು, ನೆರಳು, ಹಣ್ಣು ಮುಚ್ಚಿಡಲು ಗಾಜಿನ ಪೆಟ್ಟಿಗೆ ಒದಗಿಸುವಂತೆ ಪಾಲಿಕೆಯನ್ನು ಒತ್ತಾಯಿಸೋಣ.

ಎಣಿಸಿದ ಪಟ್ಟಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಒಂದು ಪ್ರತಿ ಶಾಲೆಯ ಮುಖ್ಯಶಿಕ್ಷಕರಿಗೆ, ಒಂದು ನಮ್ಮ ಭಾಗದ ಆಹಾರ ಸುರಕ್ಷತಾ ಅಧಿಕಾರಿಗೆ, ಇನ್ನೊಂದು ಪಾಲಿಕೆಯ ಆರೋಗ್ಯಾಧಿಕಾರಿಗೆ ಹೋಗಲಿ. ಪ್ರತಿಯೊಂದಕ್ಕೂ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ತಿಂಗಳಾದರೂ ಉತ್ತರ ಬಾರದಿದ್ದರೆ, ಈ ನಿಯಮದಡಿ ಇದುವರೆಗೆ ಎಷ್ಟು ಶಾಲೆಗಳ ಸುತ್ತ ತಪಾಸಣೆ ನಡೆದಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿಗೆ ಹತ್ತು ರೂಪಾಯಿ. ಮತ ಕೇಳಲು ಬಾಗಿಲಿಗೆ ಬಂದವರಿಗೂ ಇದೇ ಪ್ರಶ್ನೆ ಇಡಿ.

ಅಳೆಯುವಾಗ ಗೇಟಿನ ಎಡಕ್ಕೂ ಬಲಕ್ಕೂ ಎದುರಿಗೂ ಅಳೆಯಿರಿ. ನಿಯಮ ಎಲ್ಲ ದಿಕ್ಕಿಗೂ ಅನ್ವಯಿಸುತ್ತದೆ. ಟೇಪಿನ ಇನ್ನೊಂದು ತುದಿ ಹಿಡಿಯಲು ನಿಮ್ಮ ಮಗುವನ್ನೇ ಕರೆಯಿರಿ.