ಎಂಜಿಬಿಯೊಳಗೆ ವಿ8: ಹೊಗೆಗೆ ದಾರಿ ಯಾವುದು?

ಬ್ರಿಟನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರು 1962ರಲ್ಲಿ ಬಂದಾಗ ಅದರಲ್ಲಿದ್ದದ್ದು ನಾಲ್ಕು ಸಿಲಿಂಡರಿನ 1,798 ಸಿಸಿ ಎಂಜಿನ್. ಅದನ್ನು ಇಳಿಸಿ ರೋವರ್ ಕಂಪನಿಯ 3.5 ಲೀಟರ್ ವಿ8 ಕೂರಿಸುವುದು ಹಳೆಯ ಕಾರುಗಳ ಹವ್ಯಾಸಿಗಳಿಗೆ ಇಂದಿಗೂ ಪ್ರಿಯವಾದ ಕೆಲಸ. ರೋವರ್ ಎಂಜಿನ್ನಿನ ಮೈ ಅಲ್ಯೂಮಿನಿಯಂನದು. ಹಾಗಾಗಿ ಸಿಲಿಂಡರುಗಳು ಎರಡರಷ್ಟಾದರೂ ತೂಕ ಹಳೆಯ ಎರಕದ ಕಬ್ಬಿಣದ ಎಂಜಿನ್ನಿಗೆ ಹೆಚ್ಚುಕಡಿಮೆ ಸಮ. ಕಾರ್ಖಾನೆಯೇ 1973ರಿಂದ 1976ರವರೆಗೆ ಇಂಥ ಕಾರು ತಯಾರಿಸಿತ್ತು. ತೊಡಕು ಇರುವುದು ಅಗಲದಲ್ಲಿ. ಅದು ಮೊದಲು ಕಾಡುವುದು ಹೆಡರ್ ಆರಿಸುವಾಗ.

ಎಂಜಿನ್ನಿನಿಂದ ಹೊಗೆಯನ್ನು ಹೊರಗೊಯ್ಯುವ ಕೊಳವೆಗಳ ಗೊಂಚಲೇ ಹೆಡರ್. ಸಿಲಿಂಡರಿಗೊಂದರಂತೆ ಹೊರಟ ಕೊಳವೆಗಳು ಕೊನೆಗೆ ಕಲೆಕ್ಟರ್ ಎಂಬ ಕೂಡುಬಾಯಿಯಲ್ಲಿ ಸೇರುತ್ತವೆ. ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಬಡಿತ ಬಡಿತವಾಗಿ ನುಗ್ಗುತ್ತದೆ. ಪ್ರತಿ ಬಡಿತದ ಹಿಂದೆ ಒತ್ತಡ ತುಸು ಕುಸಿಯುತ್ತದೆ. ಆ ಕುಸಿತ ಸರಿಯಾದ ಕ್ಷಣಕ್ಕೆ ಒದಗಿದರೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನೂ ಎಳೆದುಕೊಳ್ಳುತ್ತದೆ. ಆ ಕ್ಷಣ ಯಾವ ವೇಗದಲ್ಲಿ ಕೂಡಿಬರುತ್ತದೆ ಎಂಬುದನ್ನು ಕೊಳವೆಯ ಉದ್ದ ಬಹುಮಟ್ಟಿಗೆ ನಿರ್ಧರಿಸುತ್ತದೆ: ಉದ್ದವಾದರೆ ಮಧ್ಯಮ ವೇಗದಲ್ಲಿ, ಮೋಟಾದರೆ ಎಂಜಿನ್ ಜೋರಾಗಿ ತಿರುಗುವಾಗ. ಇನ್ನು ವ್ಯಾಸ. ಕೊಳವೆ ಅತಿ ದಪ್ಪವಾದರೆ ಹೊಗೆಯ ಓಟ ತಗ್ಗಿ ಎಳೆತವೂ ಸಡಿಲಾಗುತ್ತದೆ. ದಪ್ಪ ಕೊಳವೆ ಎಂದರೆ ಹೆಚ್ಚು ಶಕ್ತಿ ಎಂಬ ನಂಬಿಕೆ ಅರ್ಧ ಸತ್ಯ.

ರೋವರ್ ವಿ8ಗೆ ಇನ್ನೊಂದು ವಿಶೇಷವಿದೆ. ಅದರ ಸಿಲಿಂಡರುಗಳು ಉರಿಯುವ ಕ್ರಮ 1-8-4-3-6-5-7-2. ಬೆಸ ಸಂಖ್ಯೆಯವು ಒಂದು ಸಾಲಿನಲ್ಲಿ, ಸಮ ಸಂಖ್ಯೆಯವು ಇನ್ನೊಂದರಲ್ಲಿ. ಗಮನಿಸಿ: 8 ಮತ್ತು 4 ಒಂದೇ ಸಾಲಿನವು, 5 ಮತ್ತು 7 ಕೂಡ. ಈ ಜೋಡಿಗಳು ಒಂದರ ಬೆನ್ನಿಗೆ ಒಂದು ಉರಿಯುವುದರಿಂದ, ಕೊಳವೆಗಳು ತೀರ ಮೋಟಾಗಿದ್ದರೆ ಬಸ್ಸಿನ ಬಾಗಿಲಲ್ಲಿ ಇಬ್ಬರು ಒಟ್ಟಿಗೆ ಇಳಿಯಹೊರಟಂತೆ ಹೊಗೆ ಇಕ್ಕಟ್ಟಿಗೆ ಸಿಲುಕುತ್ತದೆ. ಬೇರೆ ಬೇರೆಯಾಗಿ ಸಾಕಷ್ಟು ದೂರ ಸಾಗುವ ಕೊಳವೆಗಳು ಈ ನೂಕುನುಗ್ಗಲನ್ನು ತಗ್ಗಿಸುತ್ತವೆ.

ಆದರೆ ಉದ್ದದ ಕೊಳವೆಗೆ ಜಾಗವೆಲ್ಲಿ? ಎಂಜಿನ್ನಿನ ಮಗ್ಗುಲಲ್ಲೇ ಸ್ಟಿಯರಿಂಗ್ ಶಾಫ್ಟ್ ಹಾದುಹೋಗುತ್ತದೆ. ಬಲಗಡೆ ಸ್ಟಿಯರಿಂಗ್ ಇರುವ ಕಾರಿನಲ್ಲಿ ಅದು ಬಲಕ್ಕೆ, ಅಮೆರಿಕಕ್ಕೆ ಹೋದ ಕಾರುಗಳಲ್ಲಿ ಎಡಕ್ಕೆ. ಒಂದಕ್ಕೆಂದು ಬಾಗಿಸಿದ ಹೆಡರ್ ಇನ್ನೊಂದಕ್ಕೆ ಕೂರದೆ ಹೋಗಬಹುದು. ಇರುವ ದಾರಿ ಎರಡು. ಎಂಜಿನ್ನಿಗೆ ಅಂಟಿಕೊಂಡು ಕೆಳಗಿಳಿಯುವ ಹೆಡರಿಗೆ ಕಾರಿನ ಮೈ ಕತ್ತರಿಸಬೇಕಿಲ್ಲ. ಆದರೆ ಕಾವೆಲ್ಲ ಬಾನೆಟ್ಟಿನಡಿ ಉಳಿಯುತ್ತದೆ, ಸ್ಪಾರ್ಕ್ ಪ್ಲಗ್ ಬಿಚ್ಚುವುದೂ ಕಷ್ಟ. ಇನ್ನೊಂದು ಬಗೆಯದು ಚಕ್ರದ ಪಕ್ಕದ ಒಳಗೋಡೆಯಲ್ಲಿ ಕೊರೆದ ತೂತಿನಿಂದ ಹೊರಬಂದು ಆಮೇಲೆ ಕೆಳಗಿಳಿಯುತ್ತದೆ. 1992ರಲ್ಲಿ ಬಂದ ಎಂಜಿ ಆರ್‌ವಿ8 ಈ ದಾರಿಯನ್ನೇ ಹಿಡಿಯಿತು. ಕೊಳವೆಯ ತಿರುವು ಸಲೀಸು, ಕಾವೂ ಕಡಿಮೆ. ಬದಲಿಗೆ ಮೂಲ ತಗಡನ್ನು ಕತ್ತರಿಸಬೇಕು, ಟೈರಿಗೆ ತಗಲದಂತೆ ನೋಡಿಕೊಳ್ಳಬೇಕು.

ಲೋಹದ ವಿಚಾರ ಸರಳ. ಮೈಲ್ಡ್ ಸ್ಟೀಲ್ ಅಗ್ಗ, ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಬಾಳುತ್ತದೆ, ಆದರೆ ಕಾದಾಗ ಹೆಚ್ಚು ಹಿಗ್ಗುತ್ತದೆ. ಎರಡಕ್ಕೂ ಸೆರಾಮಿಕ್ ಲೇಪನ ಒಳ್ಳೆಯದು.

ರೇಸಿಗಲ್ಲದೆ ರಸ್ತೆಗಿಳಿಸುವ ಕಾರಾದರೆ, ಕೊನೆಯ ನಾಲ್ಕು ಅಶ್ವಶಕ್ತಿಗಾಗಿ ಹಳೆಯ ಮೈಗೆ ತೂತು ಕೊರೆಯುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಯಾವ ಬಗೆಯನ್ನೇ ಆರಿಸಿದರೂ ಎಂಜಿನ್, ಸ್ಟಾರ್ಟರ್ ಮೋಟಾರ್, ಸ್ಟಿಯರಿಂಗ್ ಶಾಫ್ಟ್ ಮೂರನ್ನೂ ಕೂರಿಸಿ, ಎಂಜಿನ್ ತನ್ನ ರಬ್ಬರ್ ಆಸರೆಗಳ ಮೇಲೆ ಓಲಾಡಲು ಬೇಕಾದಷ್ಟು ಸಂದು ಬಿಟ್ಟು ಅಳೆದ ಮೇಲೆಯೇ ದುಡ್ಡು ಕೊಡುವುದು ಜಾಣತನ.