ಬ್ಯಾನರಿನ ಹಿಂದಿನ ಕಪಾಟು

ಕಳೆದ ಮೇ ತಿಂಗಳಲ್ಲಿ ಊರಿಗೆ ಹೋಗಿದ್ದೆ. ಮುಂಬೈಗೆ ಬಂದು ಮೂವತ್ತನಾಲ್ಕು ವರ್ಷವಾಯ್ತು, ಆದರೂ "ಊರು" ಅಂದರೆ ನನಗೆ ಘಟ್ಟದ ಮೇಲಿನ ಆ ಪೇಟೆಯೇ. ಡೊಂಬಿವಲಿಯ ಫ್ಲ್ಯಾಟು ಬರೀ ಅಡ್ರೆಸ್ಸು. ಇರಲಿ, ವಿಷಯ ಅದಲ್ಲ. ಕುಮಟೆಯಲ್ಲಿ ರೈಲಿಳಿದು, ಬಸ್ಸು ಹಿಡಿದು ಘಟ್ಟ ಹತ್ತಿ ಮನೆ ಮುಟ್ಟಿದ ಸಂಜೆಯೇ ತಂಗಿಯ ಮೊಮ್ಮಗಳು ಗಂಟುಬಿದ್ದಳು. "ಮುಂಬೈ ಅಜ್ಜ, ನಾಳೆ ನಮ್ಮ ಬೇಸಿಗೆ ಶಿಬಿರದ ಲಾಸ್ಟ್ ಡೇ. ನೀನು ಬರ್ಲೇಬೇಕು." ಒಂಬತ್ತು ವರ್ಷದ ಹುಡುಗಿ, ನಾಲ್ಕನೇ ಕ್ಲಾಸು ಮುಗಿಸಿದ್ದಾಳೆ. ಶಿಬಿರ ಎಲ್ಲೇ ಅಂದರೆ, ಲೈಬ್ರರಿಯಲ್ಲಂತೆ!

ನನಗೆ ಖುಷಿಯೋ ಖುಷಿ. ಚಂದಮಾಮಕ್ಕೆ ಸರದಿ ಕಾದು ಕೂತದ್ದು ಅದೇ ಲೈಬ್ರರಿಯ ಬೆಂಚಿನ ಮೇಲೆ. ನಮ್ಮ ಕಾಲದಲ್ಲಿ ಶಿಬಿರ ಗಿಬಿರ ಏನೂ ಇರಲಿಲ್ಲ. ಈಗಿನ ಮಕ್ಕಳ ಪುಣ್ಯ ಅಂದುಕೊಂಡು ಮರುದಿನ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಹೊರಟೆ.

ಹತ್ತು ದಿನದ ಶಿಬಿರ. ಚಿತ್ರ ಬರೆಯುವುದು, ಕಾಗದ ಮಡಚಿ ಹಕ್ಕಿ ಮಾಡುವುದು, ಹಾಡು, ಒಂದು ದಿನ ಜಾದೂ, ಒಂದು ದಿನ ಹಾವುಗಳ ಬಗ್ಗೆ ಮಾಹಿತಿ. ಕಲಿಸಿದವರು ಒಳ್ಳೆಯವರೇ, ಸಂಬಳವಿಲ್ಲದೆ ಬಂದವರು. ಅವರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಸಮಾರೋಪ ಸಮಾರಂಭ ಇದೆಯಲ್ಲ... ಪ್ರಾರ್ಥನೆ, ಸ್ವಾಗತ, ದೀಪ, ಹಾರ, ಶಾಲು, ನೆನಪಿನ ಕಾಣಿಕೆ, ಆಮೇಲೆ ನಾಲ್ಕು ಭಾಷಣ. ನಾಲ್ಕೂ ಒಂದೇ ವಿಷಯದ ಮೇಲೆ: ಈಗಿನ ಮಕ್ಕಳು ಮೊಬೈಲು ಬಿಟ್ಟು ಪುಸ್ತಕ ಹಿಡಿಯಬೇಕು. ಮಕ್ಕಳು ಜಮಖಾನೆಯ ಮೇಲೆ ಎರಡು ತಾಸು ಕಾಲು ಮಡಚಿ ಕೂತು ಇದನ್ನೆಲ್ಲ ಕೇಳಿದರು. ಕೊನೆಗೆ ಎಲ್ಲರಿಗೂ ಒಂದೊಂದು ಸರ್ಟಿಫಿಕೇಟು, ಒಂದು ಲಾಡು, ಒಂದು ಫೋಟೋ.

ವೇದಿಕೆಯ ಹಿಂದೆ ದೊಡ್ಡ ಬ್ಯಾನರ್ ಕಟ್ಟಿದ್ದರು. ಮೂರನೆಯ ಭಾಷಣದ ಹೊತ್ತಿಗೆ ಫ್ಯಾನಿನ ಗಾಳಿಗೆ ಅದರ ಒಂದು ಮೂಲೆ ಬಿಚ್ಚಿ ಜೋತಾಡಿತು. ಹಿಂದೆ ಗಾಜಿನ ಬಾಗಿಲಿನ ಕಪಾಟು, ಅದರ ತುಂಬ ಮಕ್ಕಳ ಪುಸ್ತಕ. ಭಾರತ ಭಾರತಿಯ ಪುಟ್ಟ ಪುಸ್ತಕಗಳು, ನ್ಯಾಷನಲ್ ಬುಕ್ ಟ್ರಸ್ಟಿನ ಚಿತ್ರಪುಸ್ತಕಗಳು, ಕಾರಂತರ ಬಾಲ ಪ್ರಪಂಚ ಕೂಡ ಕಂಡಂತಾಯ್ತು. ಬಾಗಿಲಿಗೆ ಬೀಗ. ಬ್ಯಾನರಿನ ದಾರ ಕಟ್ಟಿದ್ದೇ ಆ ಕಪಾಟಿನ ಹಿಡಿಗೆ!

ವಾಪಸು ಬರುವಾಗ ಹುಡುಗಿ ಕೇಳಿದಳು, "ಅಜ್ಜ, ಆ ಕಪಾಟಿನ ಪುಸ್ತಕ ಯಾರಿಗೆ?"

"ಮಕ್ಕಳಿಗೇ ಕಣೇ."

"ಮತ್ತೆ ನಮಗೆ ಯಾಕೆ ಕೊಡ್ಲಿಲ್ಲ?"

ಹತ್ತು ದಿನ ಲೈಬ್ರರಿಯ ಒಳಗೇ ಇದ್ದು ಬಂದ ಮಗು ಒಂದೇ ಒಂದು ಪುಸ್ತಕವನ್ನೂ ಮನೆಗೆ ತಂದಿರಲಿಲ್ಲ. ಅವಳ ಜೊತೆಗಿದ್ದ ಮೂವತ್ತು ಚಿಲ್ಲರೆ ಮಕ್ಕಳೂ ಅಷ್ಟೇ. ನಾನು ಇದನ್ನು ಬರೆಯಬೇಕೆಂದು ಕೂತದ್ದು ಆ ಪ್ರಶ್ನೆಗಾಗಿ.

ಮಾರನೇ ದಿನ ಒಬ್ಬನೇ ಹೋದೆ. ಗ್ರಂಥಪಾಲಕರು ಸಜ್ಜನರು. "ಹೋಯ್, ಮುಂಬೈನವ್ರು! ಯಾವಾಗ ಬಂದ್ರಿ?" ಅಂತ ಕುರ್ಚಿ ಎಳೆದರು. ವಿಷಯ ಎತ್ತಿದೆ. ಮಕ್ಕಳಿಗೆ ಮೆಂಬರ್‌ಶಿಪ್ ಬೇಕೆಂದರೆ ಡಿಪಾಸಿಟ್ಟು, ಫೋಟೋ, ಆಧಾರ್ ಪ್ರತಿ, ಜಾಮೀನಿಗೆ ಒಬ್ಬರ ಸಹಿ. ಅದೆಲ್ಲ ಆದರೂ ಆ ಕಪಾಟಿನವು ಇಲ್ಲೇ ಕೂತು ಓದಬೇಕಾದವು. ಕೂತು ಓದಲಿಕ್ಕೆ ಕೀಲಿ ತೆಗೆಯುತ್ತೀರಾ ಅಂದರೆ ನಕ್ಕರು. ಆಮೇಲೆ ದನಿ ತಗ್ಗಿಸಿ ನಿಜ ಹೇಳಿದರು:

"ಸರ್, ನಿಮ್ಮ ಹತ್ರ ಮುಚ್ಚುಮರೆ ಏನು. ನಾಲ್ಕು ಪುಸ್ತಕ ಕಳೆದುಹೋದ್ರೆ ಸ್ಟಾಕ್ ವೆರಿಫಿಕೇಶನ್ನಲ್ಲಿ ನಾನು ಉತ್ತರ ಕೊಡ್ಬೇಕು. ಕೈಯಿಂದ ಕಟ್ಟಿದ್ದೂ ಇದೆ. ಒಂದೂ ಪುಸ್ತಕ ಕೊಡದೇ ಇದ್ರೆ ನನ್ನನ್ನು ಯಾರೂ ಕೇಳೋದಿಲ್ಲ."

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಕೊಟ್ಟು ಕಳೆದರೆ ತಪ್ಪು, ಕೊಡದೇ ಇಟ್ಟು ಗೆದ್ದಲು ತಿಂದರೆ ತಪ್ಪಲ್ಲ ಅನ್ನುವ ವ್ಯವಸ್ಥೆಯಲ್ಲಿ ನೀವಾದರೂ ನಾನಾದರೂ ಬೀಗವನ್ನೇ ಹಾಕುತ್ತಿದ್ದೆವು. ಸಿಟ್ಟು ಬಂದದ್ದು ಆ ವ್ಯವಸ್ಥೆಯ ಮೇಲೆ, ಅದನ್ನು ಬ್ಯಾನರಿನಿಂದ ಮುಚ್ಚುವ ನಮ್ಮ ಬುದ್ಧಿಯ ಮೇಲೆ.

ಶಿಬಿರ ಬೇಡ ಅಂತ ನಾನು ಹೇಳುತ್ತಿಲ್ಲ. ಮೈಸೂರಿನ ರಂಗಾಯಣ ಚಿಣ್ಣರ ಮೇಳ ಮಾಡುತ್ತದೆ, ಅಲ್ಲಿ ಮಕ್ಕಳು ನಾಟಕ ಕಲಿಯುತ್ತಾರೆ. ರಂಗಾಯಣಕ್ಕೆ ಬರುವುದು ನಾಟಕ, ಅದನ್ನೇ ಅದು ಕೊಡುತ್ತದೆ. ಲೈಬ್ರರಿಗೆ ಬರುವುದು ಏನು? ಪುಸ್ತಕ ಕೊಡುವುದು. ಕಾಗದದ ಹಕ್ಕಿಯನ್ನು ಶಾಲೆಯಲ್ಲೂ ಕಲಿಸಬಹುದು, ಜಾದೂವನ್ನು ಜಾತ್ರೆಯಲ್ಲೂ ನೋಡಬಹುದು. ಆದರೆ ದುಡ್ಡು ಕೇಳದೆ ಒಂದು ಕತೆ ಪುಸ್ತಕವನ್ನು ಮಗುವಿನ ಕೈಯಲ್ಲಿಟ್ಟು "ಓದಿ ತಂದುಕೊಡು" ಅನ್ನುವ ಜಾಗ ನಮ್ಮಂಥ ಪೇಟೆಯಲ್ಲಿ ಅದೊಂದೇ. ಆ ಒಂದು ಕೆಲಸ ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದರೆ ಅದು ಮಂಗಲ ಕಾರ್ಯಾಲಯವಾಯ್ತು, ಲೈಬ್ರರಿ ಆಗಲಿಲ್ಲ.

ಇದು ಹೊಸ ಮಾತೂ ಅಲ್ಲ. ಎಸ್. ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯದ ಐದು ಸೂತ್ರ ಬರೆದರು. ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಅಂತ. ಆ ಮನುಷ್ಯ ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ಇದ್ದರು. 1962ರಲ್ಲಿ ಡಾಕ್ಯುಮೆಂಟೇಶನ್ ತರಬೇತಿ ಕೇಂದ್ರ ಕಟ್ಟಿದ್ದೂ ಅಲ್ಲೇ. ಅವರು ಇದ್ದಾಗಲೇ, 1965ರಲ್ಲಿ, ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾನೂನು ಬಂತು. ಆ ಕಾನೂನಿನ ಪ್ರಕಾರ ಮನೆ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ, ಈಗ ರೂಪಾಯಿಗೆ ಆರು ಪೈಸೆ. ಹೀಗೆ ವಸೂಲಾದ ದುಡ್ಡನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಕ್ಕೆ ಕೊಡದೆ ವರ್ಷಗಟ್ಟಲೆ ಬಾಕಿ ಇಟ್ಟುಕೊಂಡ ಸುದ್ದಿ ಎಷ್ಟು ಸಲ ಪೇಪರಿನಲ್ಲಿ ಬಂದಿಲ್ಲ? ಅಂದರೆ ಆ ಕಪಾಟು ಯಾರ ಉಪಕಾರವೂ ಅಲ್ಲ. ಸ್ವಂತ ಸೂರಿದ್ದವನು ಈಗಾಗಲೇ ಅದರ ಬಾಡಿಗೆ ಕಟ್ಟಿದ್ದಾನೆ. ಅವನ ಮಗಳಿಗೆ ಜಾಮೀನು ಬೇರೆ ಬೇಕೆ?

ಬೇಸಿಗೆಯಲ್ಲೇ ಯಾಕೆ ಇಷ್ಟು ಒತ್ತು ಅಂತ ಕೇಳಬಹುದು. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆ ಇಲ್ಲ. ಅನುಕೂಲಸ್ಥರ ಮಕ್ಕಳಿಗೆ ಮನೆಯಲ್ಲಿ ಪುಸ್ತಕ ಇರುತ್ತದೆ, ಇಲ್ಲವೇ ದುಡ್ಡು ಕೊಟ್ಟು ಹೋಗುವ ಕ್ಯಾಂಪು ಇರುತ್ತದೆ. ನನ್ನ ತಂಗಿಯ ಮನೆ ಪಕ್ಕದಲ್ಲಿ ರಿಕ್ಷಾ ಓಡಿಸುವವರ ಮಗನಿದ್ದಾನೆ. ಪರೀಕ್ಷೆ ಮುಗಿದ ಮೇಲೆ ಅವನ ಮನೆಯಲ್ಲಿ ಅಚ್ಚಾದ ಅಕ್ಷರ ಅಂದರೆ ಗೋಡೆಯ ಕ್ಯಾಲೆಂಡರು ಮಾತ್ರ. ಅಮೆರಿಕದಲ್ಲಿ ಬಾರ್ಬರಾ ಹೈನ್ಸ್ ಎಂಬ ಸಮಾಜಶಾಸ್ತ್ರಜ್ಞೆ ಅಟ್ಲಾಂಟಾದ ಶಾಲಾಮಕ್ಕಳನ್ನು ಅಭ್ಯಾಸ ಮಾಡಿ 1978ರಲ್ಲಿ ಒಂದು ಪುಸ್ತಕ ಬರೆದರು. ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಕಲಿಕೆಯಲ್ಲಿ ಬೇರೆಬೇರೆಯಾಗುವುದು ಶಾಲೆಯ ದಿನಗಳಿಗಿಂತ ಹೆಚ್ಚಾಗಿ ಬೇಸಿಗೆ ರಜೆಯಲ್ಲಿ ಅಂತ ಅದರಲ್ಲಿ ತೋರಿಸಿದರು. ರಜೆಯಲ್ಲಿ ಆರು ಪುಸ್ತಕವಾದರೂ ಓದಿದವರು, ಯಾವ ವರ್ಗದವರಾದರೂ ಸರಿ, ಮುಂದೆ ಹೋದರು ಅಂತಲೂ ಕಂಡಿತು. ಬ್ರಿಟನ್ನಿನ ಲೈಬ್ರರಿಗಳಲ್ಲಿ 1999ರಿಂದ ಬೇಸಿಗೆ ಓದಿನ ಕಾರ್ಯಕ್ರಮ ನಡೆಯುತ್ತಿದೆ. ಅಲ್ಲೂ ಮಗುವಿಗೆ ಹೇಳುವುದು ಆರು ಪುಸ್ತಕ ಓದು ಅಂತಲೇ. ಆರೇ ಆರು! ಆ ಹತ್ತು ದಿನದಲ್ಲಿ ನಮ್ಮ ಮಕ್ಕಳಿಗೆ ಕೊಟ್ಟದ್ದು ಸೊನ್ನೆ.

"ಎಲ್ಲ ಮೊಬೈಲಿನಲ್ಲೇ ಸಿಗುತ್ತಲ್ಲ ಮಾರಾಯ್ರೇ" ಅನ್ನುವವರಿದ್ದಾರೆ. ಸಿಗುತ್ತದೆ, ಒಪ್ಪಿದೆ. ಪ್ರಥಮ್ ಬುಕ್ಸ್‌ನವರು 2015ರಿಂದ ಸ್ಟೋರಿವೀವರ್‌ನಲ್ಲಿ ಕನ್ನಡ ಕತೆಗಳನ್ನೂ ಪುಕ್ಕಟೆ ಕೊಡುತ್ತಿದ್ದಾರೆ. ಆದರೆ ಆ ಮನೆಯ ಮೊಬೈಲು ಅಪ್ಪನ ಜೊತೆ ರಿಕ್ಷಾದಲ್ಲಿ ಹೋಗುತ್ತದೆ, ರಾತ್ರಿ ಒಂಬತ್ತಕ್ಕೆ ಬರುತ್ತದೆ.

ಇನ್ನು ಪುಸ್ತಕ ಕಳೆಯುವ ಮಾತು. ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಲೈಬ್ರರಿ ಪುಸ್ತಕಗಳ ಬಗ್ಗೆ ಒಂದು ನಿಯಮವಿದೆ. ವರ್ಷದಲ್ಲಿ ಎರವಲು ಹೋದ ಅಥವಾ ಓದಲು ತೆಗೆದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ನಷ್ಟ, ಅಪ್ರಾಮಾಣಿಕತೆಯೋ ನಿರ್ಲಕ್ಷ್ಯವೋ ಇರಬಾರದು ಅಷ್ಟೇ. ಸಾವಿರ ರೂಪಾಯಿಗಿಂತ ಹೆಚ್ಚಿನ ಬೆಲೆಯ ಪುಸ್ತಕ, ಅಪರೂಪದ ಪುಸ್ತಕ ಆದರೆ ಮಾತು ಬೇರೆ. ಅದು ಕೇಂದ್ರದ ಕಚೇರಿಗಳಿಗೆ ಮಾಡಿದ ನಿಯಮ, ಗೊತ್ತು. ಆದರೆ ಅದರ ಲೆಕ್ಕ ಗಮನಿಸಿ. ಕಪಾಟಿನಲ್ಲಿ ಎಷ್ಟಿವೆ ಅನ್ನುವುದರ ಮೇಲಲ್ಲ, ಎಷ್ಟು ಸಲ ಕೈ ಬದಲಾದವು ಅನ್ನುವುದರ ಮೇಲೆ ವಿನಾಯಿತಿ. ಹೆಚ್ಚು ಕೊಟ್ಟವನಿಗೆ ಹೆಚ್ಚು ಮಾಫಿ. ಐವತ್ತು ರೂಪಾಯಿಯ ಮಕ್ಕಳ ಪುಸ್ತಕಕ್ಕೆ ಇಷ್ಟು ವಿವೇಕ ನಮ್ಮ ಪೇಟೆಗಳಲ್ಲೂ ಬೇಡವೆ? ಸಮಾರೋಪದ ಶಾಲು ಹಾರಗಳಿಗೆ ಖರ್ಚಾದ ದುಡ್ಡಿನಲ್ಲಿ ಕಳೆದವನ್ನೆಲ್ಲ ಮತ್ತೆ ತರಬಹುದಿತ್ತು.

ನಾನಿರುವ ಡೊಂಬಿವಲಿಯಲ್ಲಿ ತಿಂಗಳ ಫೀಜು ತೆಗೆದುಕೊಳ್ಳುವ ಖಾಸಗಿ ಲೈಬ್ರರಿಗಳಿವೆ. ಅಲ್ಲೂ ಪುಸ್ತಕ ಹರಿಯುತ್ತವೆ, ಕಳೆಯುತ್ತವೆ. ಮಾಲೀಕ ಬೀಗ ಹಾಕುವುದಿಲ್ಲ, ಹಾಕಿದರೆ ಅವನ ಹೊಟ್ಟೆಗಿಲ್ಲ. ಪಾಂಚಗಣಿಯ ಹತ್ತಿರದ ಭಿಲಾರ್ 2017ರಲ್ಲಿ ಪುಸ್ತಕಗಳ ಊರಾಯಿತು. ಅಲ್ಲಿ ಊರವರ ಮನೆಗಳಲ್ಲೇ ಪುಸ್ತಕ ಇಟ್ಟಿದ್ದಾರೆ, ಹೋದವರು ಕೂತು ಓದಬಹುದು.

ದೂರ ಯಾಕೆ, ನಮ್ಮ ಕರ್ನಾಟಕದಲ್ಲೇ ಆಗಿದೆ. 2019ರಲ್ಲಿ ಗ್ರಾಮ ಪಂಚಾಯ್ತಿ ಲೈಬ್ರರಿಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರ ನವೆಂಬರಿನಲ್ಲಿ, ಕೊರೋನಾದಿಂದ ಶಾಲೆ ಮುಚ್ಚಿದ್ದಾಗ, "ಓದುವ ಬೆಳಕು" ಅಂತ ಶುರುಮಾಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಎಲ್ಲ ಕಡೆ ಚೆನ್ನಾಗಿ ನಡೆಯುತ್ತಿದೆ ಅಂತ ನಾನು ಹೇಳಲಾರೆ. ಆದರೆ ಹಳ್ಳಿಯ ಮಗುವಿಗೆ ಪುಕ್ಕಟೆ ಕಾರ್ಡು ಕೊಡಬಹುದು ಅಂತಾದ ಮೇಲೆ ಪೇಟೆಯ ಮಗುವಿಗೆ ಜಾಮೀನು ಕೇಳುವುದಕ್ಕೆ ಏನು ಕಾರಣ?

ಇಷ್ಟೆಲ್ಲ ಬೈದಮೇಲೆ ನನ್ನದೂ ಒಂದು ಹೇಳಿಬಿಡುತ್ತೇನೆ. 2009ರಲ್ಲಿ ಅಪ್ಪನ ಹೆಸರಿನಲ್ಲಿ ಆ ಲೈಬ್ರರಿಗೆ ಎರಡು ಪೆಟ್ಟಿಗೆ ಪುಸ್ತಕ ದಾನ ಮಾಡಿದ್ದೆ. ಸಣ್ಣ ಸಮಾರಂಭವೂ ಆಗಿತ್ತು, ಶಾಲೂ ಹೊದಿಸಿದ್ದರು. ಮೊನ್ನೆ ಆ ಪುಸ್ತಕಗಳನ್ನು ನೋಡಿದೆ. ಹಳೆಯ ಇಂಗ್ಲಿಷ್ ಡೈಜೆಸ್ಟುಗಳು, ಮಗನ ಎಂಟ್ರೆನ್ಸ್ ಗೈಡುಗಳು, ಯಾವುದೋ ಸಾಫ್ಟ್‌ವೇರಿನ ಹಳೇ ಪುಸ್ತಕ. ನಮ್ಮ ಮನೆಯ ರದ್ದಿ! ಅಪ್ಪನ ಹೆಸರಿನ ಫಲಕದ ಕೆಳಗೆ ಒಂದು ಇಡೀ ಶೆಲ್ಫು ತಿಂದು ಕೂತಿದೆ. ಹೊರನಾಡಿನ ನಾವು ಬಹಳ ಮಂದಿ ಹೀಗೇ ಮಾಡಿದ್ದೇವೆ. ಇಲ್ಲಿನ ಸಂಘಗಳ ಲೈಬ್ರರಿಯಲ್ಲೂ ಬೀಗ ಜಡಿದ ಕನ್ನಡ ಕಪಾಟುಗಳಿಗೆ ಬರವಿಲ್ಲ. ನಮ್ಮ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ ಅಂತ ಸಭೆಯಲ್ಲಿ ಮರುಗುತ್ತೇವೆ, ಕೀಲಿ ಮಾತ್ರ ಕಾರ್ಯದರ್ಶಿಯ ಮನೆಯಲ್ಲಿ.

ಆ ದಿನ ಕಡೆಗೆ ಏನಾಯಿತು ಅಂದರೆ, ಕಳೆದರೆ ನಾನು ಹೊಸದು ಕಳಿಸುತ್ತೇನೆ ಅಂತ ಬರೆದುಕೊಟ್ಟೆ. ಗ್ರಂಥಪಾಲಕರು ತಮ್ಮ ಜವಾಬ್ದಾರಿಯ ಮೇಲೆ ಕೀಲಿ ತೆಗೆದರು, ಒಂದು ಹಳೆ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಹುಡುಗಿಯ ಹೆಸರು ಬರೆದರು. ಅವಳು ಮರುದಿನವೇ ಓದಿ ತಂದಳು, ಜೊತೆಗೆ ರಿಕ್ಷಾದವರ ಮಗನನ್ನೂ ಇನ್ನಿಬ್ಬರನ್ನೂ ಕರೆತಂದಳು. ನಾನು ಹೊರಡುವ ತನಕ, ಎಂಟು ದಿನ, ಹೀಗೇ ನಡೆಯಿತು. ಜೂನಿನಲ್ಲಿ ತಂಗಿ ಫೋನಿನಲ್ಲಿ ಹೇಳಿದಳು, ಸ್ಟಾಕ್ ವೆರಿಫಿಕೇಶನ್ ಬರುತ್ತದೆಯಂತೆ, ಕಪಾಟಿಗೆ ಮತ್ತೆ ಬೀಗ. ಮೇಲಧಿಕಾರಿಗಳಿಗೆ ನಾನು ಬರೆದ ಪತ್ರಕ್ಕೆ ಇವತ್ತಿನವರೆಗೂ ಉತ್ತರವಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ರಜೆಯ ಮೊದಲ ದಿನ ಕಪಾಟಿನ ಕೀಲಿ ತೆಗೆಯಲಿ. ಡಿಪಾಸಿಟ್ಟು ಬೇಡ, ಒಂದು ನೋಟ್‌ಬುಕ್ಕು ಸಾಕು. ದಿನಾ ಅರ್ಧ ತಾಸು ಯಾರಾದರೂ ಗಟ್ಟಿಯಾಗಿ ಓದಿ ಹೇಳಲಿ. ಯಾರು ಹೆಚ್ಚು ಓದಿದರು ಅಂತ ಸ್ಪರ್ಧೆ ಬೇಡ, ಬಹುಮಾನ ಬೇಡ. ಸಮಾರೋಪ ಬೇಕೇ ಬೇಕು ಅಂದರೆ ಅತಿಥಿಗಳು ಜಮಖಾನೆಯ ಮೇಲೆ ಕೂರಲಿ, ಮಕ್ಕಳು ತಾವು ಓದಿದ್ದನ್ನು ಹೇಳಲಿ. ಮೇಲಿನವರು ವರ್ಷದ ಕೊನೆಗೆ ಎಷ್ಟು ಕಳೆದವು ಅಂತ ಕೇಳುವ ಮೊದಲು ಎಷ್ಟು ಕೊಟ್ಟಿರಿ ಅಂತ ಕೇಳಲಿ.

ನೀವೂ ಬರುವ ಏಪ್ರಿಲ್ಲಿಗೆ ಊರಿಗೆ ಹೋಗುವವರೇ. ಹಪ್ಪಳ, ಉಪ್ಪಿನಕಾಯಿ ಕಟ್ಟಿಸಿಕೊಳ್ಳುವ ಮಧ್ಯೆ ಒಂದು ಸಂಜೆ ಲೈಬ್ರರಿಗೆ ಹೋಗಿ ಬನ್ನಿ. ಮಕ್ಕಳ ಕಪಾಟು ತೆರೆದಿದೆಯೇ, ಕಳೆದ ತಿಂಗಳು ಎಷ್ಟು ಪುಸ್ತಕ ಮಕ್ಕಳ ಮನೆಗೆ ಹೋದವು, ಇವೆರಡೇ ಕೇಳಿ. ದಾನ ಕೊಡುವುದಾದರೆ ಎರವಲು ಕೊಡಬೇಕೆಂಬ ಷರತ್ತಿನ ಮೇಲೆ ಕೊಡಿ, ಫಲಕ ಬೇಡ ಅನ್ನಿ. ನಾನು ಈ ಸಲ ಹೋದಾಗ ಮೊದಲು ನನ್ನ ಆ ಎರಡು ಪೆಟ್ಟಿಗೆ ರದ್ದಿಯನ್ನು ವಾಪಸು ತರುತ್ತೇನೆ.

ಅಂದಹಾಗೆ ಆ ನೋಟ್‌ಬುಕ್ಕಿನ ಲೆಕ್ಕದಲ್ಲಿ ಒಂದು ಪುಸ್ತಕ ಬಾಕಿ ಇದೆ. ರಿಕ್ಷಾದವರ ಮಗ ತೆಗೆದುಕೊಂಡು ಹೋದದ್ದು. ಕೊಡಲು ಹೋದ ದಿನ ಲೈಬ್ರರಿ ಬಾಗಿಲು ಹಾಕಿತ್ತಂತೆ. ಈಗ ಅದನ್ನು ತನ್ನ ತಂಗಿಗೆ ಓದಿ ಹೇಳುತ್ತಿದ್ದಾನಂತೆ. ಅದರ ಬೆಲೆ ನಲವತ್ತೈದು ರೂಪಾಯಿ, ನಾನು ಕಳಿಸಿದ್ದೇನೆ.