ಮರಣಶಾಸನದಲ್ಲಿ ಬರೆಯದ ಮಾತು

ಹಳೆಯ ಕಾಗದಪತ್ರಗಳ ಭಾಷೆಯಲ್ಲಿ ಉಯಿಲಿಗೆ ‘ಮರಣಶಾಸನ’ವೆಂದು ಹೆಸರು. ಈಚಿನ ಪತ್ರಿಕಾಭಾಷೆ ಆ ಮಾತಿಗೆ ಸರ್ವನಾಶದ ಅರ್ಥವನ್ನು ಅಂಟಿಸಿ, ರೈತರಿಗೆ, ಕನ್ನಡ ಶಾಲೆಗಳಿಗೆ ದಿನಕ್ಕೊಂದು ಮರಣಶಾಸನವನ್ನು ಬರೆಯುತ್ತಿದೆ. ಆ ಜಗಳ ಇಲ್ಲಿ ಬೇಡ. ನನಗೆ ವಿಚಿತ್ರವಾಗಿ ಕಾಣುವುದು ಹೆಸರಿಗೂ ಹೂರಣಕ್ಕೂ ಇರುವ ದೂರ. ಗದ್ದೆ ಯಾರಿಗೆ, ಮನೆ ಯಾರಿಗೆ, ಹೆಂಡತಿಯ ಜೀವನಕ್ಕೆ ಏನು ಎಂಬುದೆಲ್ಲ ಆ ಪತ್ರದಲ್ಲಿ ಇರುತ್ತದೆ. ಮರಣದ ವಿಷಯವಾಗಿ ಮಾತ್ರ ಒಂದು ಸಾಲೂ ಇರುವುದಿಲ್ಲ.

ನನ್ನ ದೊಡ್ಡಪ್ಪ ವ್ಯವಹಾರದಲ್ಲಿ ಬಲು ಕಟ್ಟುನಿಟ್ಟಿನ ಮನುಷ್ಯ. ಬಾವಿಯ ನೀರಿನ ಸರದಿಯವರೆಗೆ ಎಲ್ಲವನ್ನೂ ಬರೆದು ನೋಂದಣಿ ಮಾಡಿಸಿದ್ದರು. ಎಂಬತ್ತೆರಡನೆಯ ವಯಸ್ಸಿನಲ್ಲಿ ಮಿದುಳಿನಲ್ಲಿ ರಕ್ತಸ್ರಾವವಾಗಿ, ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಹತ್ತೊಂಬತ್ತು ದಿನ ಮಲಗಿದರು. ಎಚ್ಚರ ಮರಳುವ ಆಸೆಯಿಲ್ಲವೆಂದು ವೈದ್ಯರು ಐದನೆಯ ದಿನವೇ ಹೇಳಿದರು. ಉಸಿರಾಟದ ಯಂತ್ರವನ್ನು ಮುಂದುವರಿಸುವುದೇ ಬೇಡವೇ ಎಂದು ಕೇಳಿದರು. ಹಿರಿಯ ಮಗ ಸಾಕೆಂದ. ಕಿರಿಯವನು, “ಅಣ್ಣಾ, ಅಪ್ಪನ ಉಸಿರು ನಿಲ್ಲಿಸೋಕೆ ನಾವ್ಯಾರು?” ಎಂದ. ದೊಡ್ಡಮ್ಮನನ್ನು ಕೇಳಿದರೆ, “ಅವರು ಅದನ್ನೆಲ್ಲ ನನ್ನ ಹತ್ರ ಯಾವತ್ತು ಮಾತಾಡಿದ್ರಪ್ಪಾ?” ಎಂದರು. ಅಣ್ಣತಮ್ಮಂದಿರು ಆಸ್ತಿಗಾಗಿ ಜಗಳವಾಡಲಿಲ್ಲ, ಅದಕ್ಕೆ ಪತ್ರವಿತ್ತು. ಆ ಹತ್ತೊಂಬತ್ತು ದಿನಗಳ ದೆಸೆಯಿಂದ ಅವರಿಬ್ಬರ ನಡುವೆ ಇಂದಿಗೂ ಸರಿಯಾದ ಮಾತುಕತೆ ಇಲ್ಲ.

ಇದೇ ಪ್ರಶ್ನೆ ದೇಶದ ಪರಮೋಚ್ಚ ನ್ಯಾಯಾಲಯದ ಮುಂದೆ ಬಂದದ್ದು ಉತ್ತರ ಕನ್ನಡದ ಹಳದೀಪುರದಿಂದ ಹೋಗಿದ್ದ ಹೆಣ್ಣುಮಗಳೊಬ್ಬಳ ಮೂಲಕ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ್ 1973ರ ನವೆಂಬರಿನಲ್ಲಿ ಪಾಶವೀ ಆಕ್ರಮಣಕ್ಕೆ ಗುರಿಯಾಗಿ ಪ್ರಜ್ಞೆಯನ್ನು ಕಳೆದುಕೊಂಡಳು. 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯಲ್ಲಿದ್ದಳು. ಅವಳಿಗೆ ಬಿಡುಗಡೆ ದೊರಕಲೆಂದು ಪತ್ರಕರ್ತೆಯೊಬ್ಬರು ಕೇಳಿದರು. ಅವಳು ಬದುಕಿರಲಿ ಎಂದು ಅಷ್ಟು ವರ್ಷ ಅವಳಿಗೆ ಉಣಿಸಿ ಮೀಯಿಸಿದ ದಾದಿಯರು ಕೇಳಿದರು. 2011ರಲ್ಲಿ ನ್ಯಾಯಾಲಯ ದಾದಿಯರ ಮಾತನ್ನೇ ಮನ್ನಿಸಿತು. ಎರಡು ಕಡೆಯಲ್ಲಿಯೂ ಪ್ರೀತಿಯಿತ್ತು; ಅರುಣಾಳ ಮಾತು ಮಾತ್ರ ಎಲ್ಲಿಯೂ ಇರಲಿಲ್ಲ. ಇಪ್ಪತ್ತೈದರ ಆಸುಪಾಸಿನ ಹುಡುಗಿ ಅಂಥ ಮಾತನ್ನು ಬರೆದಿಡುವುದಾದರೂ ಹೇಗೆ?

ಇಂದು ಬರೆದಿಡಬಹುದು. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಒಂದು ಭಾಗವೆಂದು ತೀರ್ಪಿತ್ತು, ಮುಂಚಿತವಾಗಿ ಬರೆದಿಡುವ ವೈದ್ಯಕೀಯ ನಿರ್ದೇಶನಕ್ಕೆ ಮನ್ನಣೆ ಕೊಟ್ಟಿತು. ಆಗ ಮ್ಯಾಜಿಸ್ಟ್ರೇಟರ ರುಜು ಬೇಕಾಗಿತ್ತು; 2023ರ ಜನವರಿಯಲ್ಲಿ ಅದು ಸರಳವಾಯಿತು. ಹದಿನೆಂಟು ತುಂಬಿದ, ಸ್ವಸ್ಥಚಿತ್ತದ ಯಾರೇ ಆಗಲಿ ಇಬ್ಬರು ಸಾಕ್ಷಿಗಳ ಮುಂದೆ ರುಜು ಮಾಡಿ, ನೋಟರಿಯಿಂದಲೋ ಪತ್ರಾಂಕಿತ ಅಧಿಕಾರಿಯಿಂದಲೋ ದೃಢೀಕರಣ ಪಡೆದರೆ ಸಾಕು. ಅಂಕಪಟ್ಟಿಯ ನಕಲಿಗೆ ಹಸಿರು ಶಾಯಿಯಲ್ಲಿ ರುಜು ಹಾಕುವ ಸರ್ಕಾರಿ ಕಾಲೇಜಿನ ಪ್ರಾಂಶುಪಾಲರೇ ಇದಕ್ಕೂ ಹಾಕಬಹುದು. ಬೇಡವೆನಿಸಿದ ದಿನ ಹಿಂತೆಗೆದುಕೊಳ್ಳಲೂಬಹುದು. 2025ರ ಜನವರಿ 30ರಂದು ಕರ್ನಾಟಕ ಸರ್ಕಾರವೂ ಇದರ ಆಚರಣೆಗಾಗಿ ಸುತ್ತೋಲೆ ಹೊರಡಿಸಿತು. ಅದಕ್ಕಾಗಿ ಬಹುಕಾಲ ಕಚೇರಿಗಳ ಮೆಟ್ಟಿಲು ಹತ್ತಿದವರಲ್ಲಿ ದಾವಣಗೆರೆಯ ನಿವೃತ್ತ ಶಿಕ್ಷಕಿಯೊಬ್ಬರೂ ಇದ್ದರೆಂಬುದು ನಮ್ಮ ವೃತ್ತಿಗೆ ಭೂಷಣ.

ಇದನ್ನು ‘ದಯಾಮರಣ’ವೆಂದು ಕರೆಯುವುದು ಅಪಚಾರ. ಮದ್ದು ಚುಚ್ಚಿ ಕೊಲ್ಲುವುದು ನಮ್ಮಲ್ಲಿ ಅಂದಿಗೂ ಅಪರಾಧ, ಇಂದಿಗೂ ಅಪರಾಧ. ಇಲ್ಲಿರುವುದು, ಗುಣವಾಗುವ ಆಸೆ ತೀರಿದ ಮೇಲೆ ಯಂತ್ರ ಬೇಡವೆನ್ನುವ ಮಾತು ಅಷ್ಟೆ. ನೋವನ್ನು ತಗ್ಗಿಸುವ ಶುಶ್ರೂಷೆ ನಿಲ್ಲಬೇಕಾಗಿಲ್ಲ, ನಿಲ್ಲಕೂಡದು.

ಬಡವರ ಮನೆಗಳಲ್ಲಿ ಮುದುಕರ ಕೈಹಿಡಿದು ಹೆಬ್ಬೆಟ್ಟು ಒತ್ತಿಸಿಯಾರು ಎಂಬ ಆಕ್ಷೇಪವನ್ನು ನಾನು ಹಗುರಾಗಿ ಕಾಣಲಾರೆ. ಆಸ್ಪತ್ರೆಯ ಖರ್ಚಿಗೆ ಹೊಲ ಮಾರುವ ನಾಡಿನಲ್ಲಿ ‘ಅವರ ಇಚ್ಛೆ’ ಎಂಬ ಮಾತಿನೊಳಗೆ ಇತರರ ಇಚ್ಛೆಯೂ ನುಸುಳೀತು. ಪತ್ರ ತಾನಾಗಿ ಜಾರಿಗೆ ಬರುವುದಿಲ್ಲ, ತಲಾ ಮೂವರು ವೈದ್ಯರ ಎರಡು ಮಂಡಲಿಗಳು ಒಪ್ಪಬೇಕು ಎಂಬುದು ನಿಜ. ಆದರೂ ಭಯ ಪೂರ್ತಿಯಾಗಿ ಹೋಗದು. ನಾನು ಕೇಳುವುದಿಷ್ಟೇ: ಪತ್ರವಿಲ್ಲದ ಮನೆಯಲ್ಲಿ ಆ ಮುದುಕರ ಮಾತು ಹೆಚ್ಚು ನಡೆಯುತ್ತದೆಯೆ? ಅಲ್ಲಿಯೂ ತೀರ್ಮಾನ ಮಾಡುವುದು ಹಣವೇ, ಹೇಳದೆ ಮಾಡುತ್ತದೆ.

ಸಾವಿನ ಮಾತೆತ್ತುವುದು ಅಶುಭವೆಂದು ಬಾಯಿಗೆ ಬೀಗ ಹಾಕುವವರಿಗೆ ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ತೋರಿಸಬೇಕು. ಅಲ್ಲಿಯ ಬಂಡೆಗಳ ಮೇಲೆ ಏಳನೆಯ ಶತಮಾನದ ಆಸುಪಾಸಿನ ಹಲವು ಬರಹಗಳಿವೆ. ಸಲ್ಲೇಖನ ವ್ರತ ಹಿಡಿದ ಮುನಿಗಳನ್ನೂ ಕಂತಿಯರನ್ನೂ ಕುರಿತು ಅವು ‘ಸತ್ತರು’ ಎನ್ನುವುದಿಲ್ಲ, ‘ನೋಂತು ಮುಡಿಪಿದರು’ ಎನ್ನುತ್ತವೆ. ಮುಡಿಪುವುದೆಂದರೆ ಮುಗಿಸುವುದು. ಆ ವಾಕ್ಯದಲ್ಲಿ ಸಾಯುವವನೇ ಕರ್ತೃ. ಇಂದಿನ ಆಸ್ಪತ್ರೆಯ ಹಾಳೆಯಲ್ಲಿ ಅವನು ಬರಿಯ ಕರ್ಮಪದ. ಆ ಮುನಿಗಳ ವ್ರತವನ್ನು ಗೃಹಸ್ಥರು ಹಿಡಿಯಬೇಕೆಂದು ನಾನು ಹೇಳುತ್ತಿಲ್ಲ. ಅದು ಬೇರೆಯ ದಾರಿ, ಅದಕ್ಕೆ ಬೇರೆಯ ಸಿದ್ಧತೆ ಬೇಕು. ನನಗೆ ಬೇಕಾಗಿರುವುದು ಆ ಕರ್ತೃಪದ.

ಅದು ದೊರೆಯಬೇಕಾದರೆ ಪತ್ರ ಕನ್ನಡದಲ್ಲಿರಬೇಕು, ಅದಕ್ಕಿಂತ ಮೊದಲು ಮನೆಯಲ್ಲಿ ಮಾತಾಗಬೇಕು. ವಕೀಲರ ಇಂಗ್ಲಿಷ್ ನಮೂನೆಗೆ ರುಜು ಹಾಕಿ ಬೀರುವಿನಲ್ಲಿಟ್ಟರೆ ದೊಡ್ಡಮ್ಮನಂಥವರಿಗೆ ಅದರಿಂದ ಏನು ಪ್ರಯೋಜನ? ಊಟದ ನಳಿಗೆ ಬೇಕೇ ಬೇಡವೇ, ಯಂತ್ರ ಎಷ್ಟು ದಿನ, ಕೊನೆಯ ದಿನಗಳನ್ನು ಕಳೆಯುವುದು ಮನೆಯ ಪಡಸಾಲೆಯಲ್ಲೋ ಆಸ್ಪತ್ರೆಯಲ್ಲೋ, ಬಾಯಿಗೆ ತುಳಸಿಯ ನೀರು ಬಿಡುವವರು ಯಾರು—ಇವು ತಿಳಿಗನ್ನಡದಲ್ಲಿ, ಬರೆಯುವವನ ಸ್ವಂತ ಮಾತಿನಲ್ಲಿ ಇರಬೇಕು. ತನ್ನ ಪರವಾಗಿ ಮಾತಾಡಬೇಕಾದವರನ್ನು ಅವನು ಅದರಲ್ಲಿ ಹೆಸರಿಸಬೇಕು. ಆ ಹೆಸರಿನವರಿಗೆ ಅದನ್ನು ಮೊದಲೇ ಓದಿ ಹೇಳಬೇಕು. ಪತ್ರದ ಒಂದು ಪ್ರತಿಯನ್ನು ನಗರಸಭೆಗೋ ಪಂಚಾಯಿತಿಗೋ ಒಪ್ಪಿಸಬೇಕೆಂದು ತೀರ್ಪು ಹೇಳಿದೆ. ಖಾತೆ ಬದಲಾವಣೆಗೆ ಬಂದವರ ಸಾಲಿನಲ್ಲಿ ನಿಂತು ಈ ಕಾಗದವನ್ನು ನೀಡುವ ಮೊದಲ ಮುದುಕನನ್ನು ಕಾರಕೂನ ಮೇಲಿನಿಂದ ಕೆಳಗಿನವರೆಗೆ ನೋಡಿ, “ಇದಕ್ಕೆ ಯಾವ ರಿಜಿಸ್ಟರು ಸ್ವಾಮೀ?” ಎಂದು ಕೇಳಿಯಾನು. ಆ ರಿಜಿಸ್ಟರನ್ನು ಸರ್ಕಾರ ಇನ್ನಾದರೂ ಊರೂರಿನ ಪಂಚಾಯಿತಿಗೆ ಕಳುಹಿಸಿಕೊಡಲಿ.